ಹವಳದ ಮೈ ಕಳಚುತ್ತಿದೆಯೇ? ತೊಟ್ಟಿಗೆ ಔಷಧಿ ಸುರಿಯುವ ಮುನ್ನ ಇದನ್ನು ಓದಿ

ರಾತ್ರಿ ಮಲಗುವಾಗ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಎದ್ದು ಅಕ್ವೇರಿಯಂ ಲೈಟು ಹಾಕಿದರೆ ಹವಳದ ಬುಡ ಬೆಳ್ಳಗಾಗಿದೆ. ಮಧ್ಯಾಹ್ನದ ಹೊತ್ತಿಗೆ ಆ ಬಿಳುಪು ಇನ್ನೊಂದು ಬೆರಳಿನಷ್ಟು ಮೇಲೇರಿದೆ. ಗಾಬರಿಯಾಗಿ ಫೋಟೊ ತೆಗೆದು ಗ್ರೂಪಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ಹತ್ತು ಸಲಹೆ ಬಂದು ಬೀಳುತ್ತವೆ. "ಅಯೋಡಿನ್ ಸುರಿಯಿರಿ." "ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕಿ." "ನೀರು ಪೂರ್ತಿ ಬದಲಿಸಿ." "ಬೆಳ್ಳಗಾಯಿತು ಅಂದರೆ ಸತ್ತ ಹಾಗೇ, ಎಸೆದುಬಿಡಿ." "ಕಲ್ಲನ್ನು ಕುದಿಸಿ ಮತ್ತೆ ಬಳಸಿ."

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಕೊನೆಯದಂತೂ ಹವಳವನ್ನಲ್ಲ, ಮನೆಮಂದಿಯನ್ನೇ ಆಸ್ಪತ್ರೆಗೆ ಸೇರಿಸಬಲ್ಲದು.

ಸಮುದ್ರದ ಹವಳವನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವುದಕ್ಕೆ 'ರೀಫ್ ಟ್ಯಾಂಕ್' ಎನ್ನುತ್ತಾರೆ. ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಮೊದಲಾದ ಕಡೆ ಇದು ದೊಡ್ಡ ಹವ್ಯಾಸ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಿಗೂ ಈ ಹವ್ಯಾಸ ಹೋಗಿದೆ, ಅಲ್ಲಿಂದ ವಿಡಿಯೊಗಳು ನಮ್ಮ ಫೋನಿಗೂ ಬರುತ್ತವೆ. ಭಾರತದಲ್ಲಿ ಇದರ ಕಾನೂನು ಬೇರೆಯೇ ಇದೆ, ಅದನ್ನು ಮುಂದೆ ನೋಡೋಣ. ಮೊದಲು ಹವಳದ ಮೈ ಕಳಚುವುದೆಂದರೆ ಏನು, ಆಗ ಮಾಡಬೇಕಾದದ್ದೇನು, ಮಾಡಬಾರದ್ದೇನು ಎಂದು ಒಂದೊಂದಾಗಿ ತಿಳಿಯೋಣ.

ಹವಳ ಎಂದರೆ ಕಲ್ಲೋ, ಗಿಡವೋ, ಪ್ರಾಣಿಯೋ?

ಪ್ರಾಣಿ. ನೋಡಲು ಗಿಡದ ಹಾಗೆ ಕೊಂಬೆ ಒಡೆದಿರಬಹುದು, ಮುಟ್ಟಿದರೆ ಕಲ್ಲಿನಂತೆ ಗಟ್ಟಿ ಇರಬಹುದು. ಆದರೆ ಆ ಕಲ್ಲು ಅದರ ಅಸ್ಥಿಪಂಜರ ಮಾತ್ರ. ಜೀವ ಇರುವುದು ಅದರ ಮೇಲೆ ಹೊದಿಸಿದಂತಿರುವ ತೆಳುವಾದ ಮೆತ್ತನೆಯ ಪದರದಲ್ಲಿ. ಆ ಪದರದಲ್ಲಿ ಬಾಯಿಯೂ ಪುಟ್ಟ ಬಳ್ಳಿಯಂಥ ಕೈಗಳೂ ಇರುವ ನೂರಾರು ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬಾಳುತ್ತವೆ. ಒಂದೊಂದನ್ನೂ ಪಾಲಿಪ್ ಎಂದು ಕರೆಯುತ್ತಾರೆ. ಈ ಜೀವಂತ ಪದರವೇ ಹವಳದ ಅಂಗಾಂಶ, ನಮ್ಮ ಮಾತಿನಲ್ಲಿ ಹೇಳುವುದಾದರೆ ಅದರ ಮೈ.

ಈ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ಬಾಡಿಗೆದಾರರಂತೆ ಇರುತ್ತವೆ. ಬೆಳಕನ್ನು ಬಳಸಿ ಆಹಾರ ತಯಾರಿಸಿ ಹವಳಕ್ಕೆ ಅದರ ಬಹುಪಾಲು ಕೊಡುತ್ತವೆ. ಹವಳದ ಕಂದು ಬಣ್ಣಕ್ಕೆ ಮುಖ್ಯವಾಗಿ ಇವೇ ಕಾರಣ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಬಿಡೋಣ. ಉಂಗುರದಲ್ಲಿ ಹಾಕುವ ಕೆಂಪು ಹವಳ ಬೇರೆ ಜಾತಿಯದು. ಅದಕ್ಕೆ ಹೆಸರಾದ ಕಡಲು ಮೆಡಿಟರೇನಿಯನ್. ಅದರ ಮೈಯಲ್ಲಿ ಇಂಥ ಪಾಚಿ ಇರುವುದಿಲ್ಲ. ರೀಫ್ ಟ್ಯಾಂಕಿನಲ್ಲಿ ಸಾಕುವುದು ಅದನ್ನಲ್ಲ.

ಬೆಳ್ಳಗಾದರೆ ಸತ್ತಿತು ಎಂದೇ ಅರ್ಥವೇ?

ಅಲ್ಲ. ಅತಿ ಹೆಚ್ಚು ಹರಡಿರುವ ತಪ್ಪು ತಿಳಿವಳಿಕೆ ಇದೇ. ಬಿಳುಪು ಎರಡು ಬಗೆಯದು. ಚಿಕಿತ್ಸೆ ಶುರುವಾಗುವುದೇ ಇವೆರಡನ್ನೂ ಬೇರೆ ಮಾಡಿ ನೋಡುವುದರಿಂದ.

ಮೊದಲನೆಯದು ಬ್ಲೀಚಿಂಗ್. ನೀರು ಬಿಸಿಯಾದರೆ ಅಥವಾ ಬೆಳಕು ಒಮ್ಮೆಲೇ ಜಾಸ್ತಿಯಾದರೆ ಹವಳ ತನ್ನೊಳಗಿನ ಪಾಚಿಗಳನ್ನು ಕಳೆದುಕೊಳ್ಳುತ್ತದೆ. ಆಗ ಮೈ ಗಾಜಿನಂತೆ ಪಾರದರ್ಶಕವಾಗಿ ಒಳಗಿನ ಬಿಳಿ ಅಸ್ಥಿಪಂಜರ ಕಾಣುತ್ತದೆ. ಮೈ ಮಾತ್ರ ಅಲ್ಲೇ ಇದೆ, ಜೀವವೂ ಇದೆ. ಹತ್ತಿರದಿಂದ, ಬೇಕಾದರೆ ಭೂತಗನ್ನಡಿ ಹಿಡಿದು ನೋಡಿದರೆ ಪಾಲಿಪ್‌ಗಳು ಕಾಣುತ್ತವೆ. ಕಾರಣ ಬೇಗ ಸರಿಹೋದರೆ ಪಾಚಿ ಮರಳಿ ಸೇರಿ ವಾರಗಳಲ್ಲೋ ತಿಂಗಳುಗಳಲ್ಲೋ ಬಣ್ಣ ಮರಳಬಹುದು. ತಡವಾದರೆ ಹಸಿವಿನಿಂದ ಸಾಯುತ್ತದೆ.

ಎರಡನೆಯದು ಅಂಗಾಂಶ ನಾಶ. ಇಲ್ಲಿ ಮೈಯೇ ಕಳಚಿ ಹೋಗುತ್ತದೆ. ಉಳಿಯುವುದು ಬರೀ ಎಲುಬು. ಜೀವಂತ ಭಾಗಕ್ಕೂ ಬಿಳಿ ಭಾಗಕ್ಕೂ ನಡುವೆ ಗೆರೆ ಎಳೆದಂತೆ ಗಡಿ ಕಾಣುತ್ತದೆ. ಕೆಲವೊಮ್ಮೆ ಆ ಗಡಿಯಲ್ಲಿ ಮೈ ಚಿಂದಿಯಂತೆ ಜೋತಾಡುತ್ತದೆ. ಕೆಲವು ದಿನಗಳಲ್ಲಿ ಆ ಬೋಳು ಎಲುಬಿನ ಮೇಲೆ ಹಸಿರು ಅಥವಾ ಕಂದು ಪಾಚಿ ಕೂರುತ್ತದೆ.

ಹವ್ಯಾಸಿಗಳು ಇದನ್ನು ವೇಗದ ಮೇಲೆ ಎರಡಾಗಿ ಹೇಳುತ್ತಾರೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಇಡೀ ಹವಳ ಬೋಳಾದರೆ 'ಆರ್‌ಟಿಎನ್', ಅಂದರೆ ವೇಗದ ನಾಶ. ವಾರಗಟ್ಟಲೆ ನಿಧಾನವಾಗಿ ಬುಡದಿಂದಲೋ ತುದಿಯಿಂದಲೋ ಸವೆಯುತ್ತ ಹೋದರೆ 'ಎಸ್‌ಟಿಎನ್', ಅಂದರೆ ನಿಧಾನದ ನಾಶ. ಇವು ಕಾಯಿಲೆಯ ಹೆಸರುಗಳಲ್ಲ, ಲಕ್ಷಣದ ಹೆಸರುಗಳು. 'ಜ್ವರ' ಎಂದ ಹಾಗೆ. ಜ್ವರಕ್ಕೆ ಹತ್ತು ಕಾರಣ ಇರುವಂತೆ ಇದಕ್ಕೂ ಹಲವು ಕಾರಣಗಳಿವೆ. 'ಆರ್‌ಟಿಎನ್‌ಗೆ ಇದೊಂದೇ ಮದ್ದು' ಎಂದು ಯಾರಾದರೂ ಹೇಳಿದರೆ ಅನುಮಾನಿಸಬೇಕಾದದ್ದು ಇದಕ್ಕೇ.

ಮೈ ಏಕೆ ಕಳಚುತ್ತದೆ?

ಮನೆಯ ತೊಟ್ಟಿಯಲ್ಲಿ ಬಹಳಷ್ಟು ಸಲ ಮೂಲ ಇರುವುದು ನೀರಿನಲ್ಲಿ. ಸಮುದ್ರದ ನೀರಿನ ಗುಣ ದಿನದಿಂದ ದಿನಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಒಂದು ಮುಚ್ಚಳ ಔಷಧಿ ಹೆಚ್ಚಾದರೂ, ಒಂದು ರಾತ್ರಿ ಹೀಟರ್ ಕೆಟ್ಟರೂ ಎಲ್ಲವೂ ಏರುಪೇರು.

ಹವಳಕ್ಕೆ ಸಾಮಾನ್ಯವಾಗಿ ಹಿತವಾದ ಮಟ್ಟಗಳು ಇವು:

- ಉಷ್ಣಾಂಶ: 24ರಿಂದ 27 ಡಿಗ್ರಿ ಸೆಲ್ಸಿಯಸ್
- ಲವಣಾಂಶ: ಸಾವಿರಕ್ಕೆ 35 ಭಾಗದ ಆಸುಪಾಸು
- ಆಲ್ಕಲಿನಿಟಿ: 7ರಿಂದ 11 ಡಿಕೆಎಚ್ ನಡುವೆ ಒಂದು ಸ್ಥಿರ ಮಟ್ಟ
- ಕ್ಯಾಲ್ಸಿಯಂ: ಲೀಟರಿಗೆ 400ರಿಂದ 450 ಮಿಲಿಗ್ರಾಂ
- ಮೆಗ್ನೀಸಿಯಂ: ಲೀಟರಿಗೆ 1250ರಿಂದ 1350 ಮಿಲಿಗ್ರಾಂ
- ಅಮೋನಿಯಾ: ಸೊನ್ನೆ

ಇವುಗಳಲ್ಲಿ ಆಲ್ಕಲಿನಿಟಿ ಎಂಬುದು ಹೊಸಬರಿಗೆ ಅಪರಿಚಿತ. ಹುಳಿಯ ಅಂಶ ಸೇರಿದಾಗ ಅದನ್ನು ತಡೆದುಕೊಳ್ಳುವ ನೀರಿನ ಶಕ್ತಿ ಅದು. ಹವಳ ಎಲುಬು ಕಟ್ಟಲು ಬೇಕಾದ ಕಾರ್ಬೊನೇಟ್ ಕೂಡ ಈ ಲೆಕ್ಕದಲ್ಲೇ ಬರುತ್ತದೆ. ಮಟ್ಟ ಎಂಟೋ ಒಂಬತ್ತೋ ಎಂಬುದಕ್ಕಿಂತ ಅದು ಏರುಪೇರಾಗದೆ ಇರುವುದು ಮುಖ್ಯ. ದಿನಕ್ಕೆ ಒಂದು ಡಿಕೆಎಚ್‌ಗಿಂತ ಹೆಚ್ಚು ಬದಲಾಗಬಾರದು ಎಂಬುದು ಅನುಭವಿಗಳ ಕಟ್ಟುನಿಟ್ಟಿನ ನಿಯಮ.

ಉಳಿದ ಕಾರಣಗಳು ಹೀಗಿವೆ. ಪಕ್ಕದ ಹವಳ ರಾತ್ರಿ ಉದ್ದನೆಯ ಕುಟುಕುವ ಬಳ್ಳಿಗಳನ್ನು ಚಾಚಿ ಸುಟ್ಟಿರಬಹುದು. ಹವಳಗಳು ಜಾಗಕ್ಕಾಗಿ ಹೀಗೆ ಜಗಳವಾಡುತ್ತವೆ. ಪಂಪಿನ ನೀರು ನೇರವಾಗಿ ಬಡಿದು ಮೈ ಹರಿದಿರಬಹುದು. ಮೀನು ಕಚ್ಚಿರಬಹುದು, ಏಡಿ ಕೆದಕಿರಬಹುದು. ಅಕ್ರೋಪೋರ ಎಂಬ ಕೊಂಬೆ ಹವಳವನ್ನೇ ತಿನ್ನುವ ಚಪ್ಪಟೆ ಹುಳು ಇದೆ. ಮಾಂಟಿಪೋರ ಎಂಬ ಹವಳವನ್ನು ತಿನ್ನುವ ಪುಟ್ಟ ಕಡಲ ಗೊಂಡೆಹುಳುವೂ ಇದೆ. ಇವು ಅಡಗಿರುವುದರಿಂದ ಹಗಲಲ್ಲಿ ಸುಲಭವಾಗಿ ಕಾಣುವುದಿಲ್ಲ.

ಬ್ಯಾಕ್ಟೀರಿಯಾ ಮತ್ತು ಏಕಕೋಶ ಜೀವಿಗಳ ಪಾಲೂ ಇದೆ. ಆದರೆ ಬಹಳ ಸಲ ಅವು ಬರುವುದು ಹವಳ ಮೊದಲೇ ಸೊರಗಿದ ಮೇಲೆ. ಬೇಲಿ ಮುರಿದ ಮೇಲೆ ಹೊಲಕ್ಕೆ ದನ ನುಗ್ಗಿದಂತೆ. ದನ ಓಡಿಸಿ ಬೇಲಿ ಹಾಗೇ ಬಿಟ್ಟರೆ ನಾಳೆ ಮತ್ತೆ ನುಗ್ಗುತ್ತದೆ.

ಕಂಡ ಕೂಡಲೇ ಏನು ಮಾಡಬೇಕು?

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ. ಉಷ್ಣಾಂಶ, ಲವಣಾಂಶ, ಆಲ್ಕಲಿನಿಟಿ, ಅಮೋನಿಯಾ ಈ ನಾಲ್ಕನ್ನು ಆಗಲೇ ಅಳೆದು ಬರೆದಿಡಿ. ಉಷ್ಣಾಂಶವನ್ನು ಎರಡು ಥರ್ಮಾಮೀಟರ್‌ನಲ್ಲಿ ನೋಡಿ. ಕೆಟ್ಟ ಥರ್ಮಾಮೀಟರ್ ನಂಬಿ ಹವಳ ಬೇಯಿಸಿದವರು ಕಡಿಮೆಯಿಲ್ಲ.

ಒಂದೇ ಹವಳಕ್ಕೆ ತೊಂದರೆಯೋ, ಹಲವಕ್ಕೋ ಎಂದು ಗಮನಿಸಿ. ಹಲವು ಹವಳಗಳು ಒಟ್ಟಿಗೆ ಸೊರಗಿದ್ದರೆ ನೀರಿನ ಮೇಲೆ ಅನುಮಾನ ಪಡಿ. ಒಂದೇ ಆದರೆ ಪಕ್ಕದವರ ಕುಟುಕು, ಹುಳು, ಪಂಪಿನ ಹೊಡೆತ, ಇತ್ತೀಚೆಗೆ ಜಾಗ ಬದಲಿಸಿದ್ದು ಇವನ್ನು ನೋಡಿ. ಲೈಟು ಆರಿ ಒಂದೆರಡು ಗಂಟೆಯಾದ ಮೇಲೆ ಟಾರ್ಚ್ ಹಿಡಿದು ನೋಡಿದರೆ ರಾತ್ರಿ ಓಡಾಡುವ ಕಳ್ಳರು ಸಿಗಬಹುದು.

ಕಳೆದ ಒಂದು ವಾರದಲ್ಲಿ ಏನು ಬದಲಾಯಿತು ಎಂದು ನೆನಪಿಸಿಕೊಳ್ಳಿ. ಹೊಸ ಉಪ್ಪಿನ ಪೊಟ್ಟಣ ಒಡೆದಿರಾ? ಲೈಟ್ ಬದಲಿಸಿದಿರಾ? ಕರೆಂಟ್ ಹೋಗಿತ್ತೇ? ಕೋಣೆಯಲ್ಲಿ ಸೊಳ್ಳೆ ಔಷಧಿ ಹೊಡೆದರೇ? ಉತ್ತರ ಬಹಳ ಸಲ ಇಲ್ಲೇ ಇರುತ್ತದೆ.

ನೀರಿನಲ್ಲಿ ದೋಷ ಕಂಡರೆ ಹತ್ತರಿಂದ ಇಪ್ಪತ್ತು ಶೇಕಡ ನೀರು ಬದಲಿಸಿ. ಹೊಸ ನೀರಿನ ಉಷ್ಣಾಂಶ ಮತ್ತು ಲವಣಾಂಶ ತೊಟ್ಟಿಯದ್ದಕ್ಕೆ ಹೊಂದಿರಬೇಕು. ಫಿಲ್ಟರ್‌ನಲ್ಲಿ ಹೊಸ ಸಕ್ರಿಯ ಇದ್ದಿಲು ಇಡಿ. ಹವಳಗಳು ಬಿಟ್ಟ ವಿಷವನ್ನು ಅದು ಸ್ವಲ್ಪ ಮಟ್ಟಿಗೆ ಹೀರುತ್ತದೆ. ಆಲ್ಕಲಿನಿಟಿ ಕುಸಿದಿದ್ದರೆ ಒಂದೇ ದಿನದಲ್ಲಿ ಮೇಲೆತ್ತಬೇಡಿ. ನಿಧಾನವಾಗಿ, ದಿನಗಳ ಮೇಲೆ ಸರಿಪಡಿಸಿ. ಬೆಳಕು ಸ್ವಲ್ಪ ಕಡಿಮೆ ಮಾಡಿ. ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ಪ್ರತಿ ಗಂಟೆಗೊಮ್ಮೆ ಹವಳವನ್ನು ಎತ್ತಿ ಇಳಿಸಿ ನೋಡುವುದೂ ಅದಕ್ಕೆ ಹಿಂಸೆಯೇ.

ಕತ್ತರಿಸುವುದು ಕ್ರೌರ್ಯವೇ?

ಹವಳದ ವಿಷಯದಲ್ಲಿ ಅಲ್ಲ. ಮೈ ವೇಗವಾಗಿ ಕಳಚುತ್ತಿದ್ದರೆ ಉಳಿಸುವ ಅತ್ಯುತ್ತಮ ದಾರಿ ಅದೇ. ಹವಳ ಒಂದು ಪ್ರಾಣಿಯಲ್ಲ, ಸಂಸಾರ. ಆರೋಗ್ಯವಾಗಿರುವ ಒಂದು ತುಂಡು ಹೊಸ ಸಂಸಾರ ಹೂಡಬಲ್ಲದು. ಗುಲಾಬಿ ಕೊಂಬೆ ಕಡಿದು ನೆಟ್ಟಂತೆ.

ಕೊಂಬೆ ಹವಳದಲ್ಲಿ ಗಡಿಯ ಗೆರೆಯ ಮೇಲೆಯೇ ಕತ್ತರಿಸಿದರೆ ಪ್ರಯೋಜನವಿಲ್ಲ. ಅಲ್ಲಿಂದ ಒಂದೆರಡು ಸೆಂಟಿಮೀಟರ್ ಆಚೆ, ಪೂರ್ತಿ ಆರೋಗ್ಯವಾಗಿ ಕಾಣುವ ಭಾಗದಲ್ಲಿ ಕತ್ತರಿಸಬೇಕು. ಉಪಕರಣ ಶುಚಿಯಾಗಿರಬೇಕು. ಕತ್ತರಿಸಿದ ತುಂಡನ್ನು ತೊಟ್ಟಿಯದೇ ನೀರಿನಲ್ಲಿ ಜಾಲಾಡಿಸಿ, ಸೈಯನೋಅಕ್ರಿಲೇಟ್ ಜೆಲ್, ಅಂದರೆ ಗಟ್ಟಿ ಬಗೆಯ ಸೂಪರ್ ಗ್ಲೂನಿಂದ ಪುಟ್ಟ ಕಲ್ಲಿಗೆ ಅಂಟಿಸುತ್ತಾರೆ. ಒಂದೇ ತುಂಡನ್ನು ನಂಬಿ ಕೂರದೆ ಮೂರು ನಾಲ್ಕು ತುಂಡು ಮಾಡಿ, ಸಾಧ್ಯವಾದರೆ ಬೇರೆ ತೊಟ್ಟಿಯಲ್ಲೂ ಒಂದನ್ನಿಡುವುದು ಜಾಣತನ.

ನಿಧಾನದ ನಾಶದಲ್ಲಿ ಗಡಿಯುದ್ದಕ್ಕೂ ಆ ಅಂಟನ್ನೇ ತೆಳುವಾಗಿ ಹಚ್ಚಿ ತಡೆಯುವ ಪದ್ಧತಿಯೂ ಇದೆ. ಕೆಲವು ಸಲ ನಿಲ್ಲುತ್ತದೆ, ಕೆಲವು ಸಲ ಇಲ್ಲ. ಮೂಲ ಕಾರಣ ಉಳಿದಿದ್ದರೆ ಅಂಟಿನ ಕೆಳಗೂ ನಾಶ ಮುಂದುವರಿಯುತ್ತದೆ.

ಸುತ್ತಿಗೆಯಾಕಾರದ, ಪಂಜಿನಾಕಾರದ ದಪ್ಪ ಪಾಲಿಪ್‌ಗಳ ಯೂಫಿಲಿಯ ಎಂಬ ಹವಳಗಳಲ್ಲಿ 'ಬ್ರೌನ್ ಜೆಲ್ಲಿ' ಎಂಬ ತೊಂದರೆ ಬರುತ್ತದೆ. ಕೊಳೆತ ಬೆಲ್ಲದ ಪಾಕದಂತೆ ಕಂದು ಲೋಳೆ ಹರಿದು ದುರ್ವಾಸನೆ ಬರುತ್ತದೆ. ಅದರಲ್ಲಿ ಹವಳದ ಮೈ ತಿನ್ನುವ ಏಕಕೋಶ ಜೀವಿಗಳು ತುಂಬಿರುತ್ತವೆ. ಆ ಲೋಳೆ ತೊಟ್ಟಿಯಲ್ಲಿ ತೇಲಿ ಪಕ್ಕದ ಹವಳಕ್ಕೆ ತಗಲಬಾರದು. ಆದ್ದರಿಂದ ಮೊದಲು ಪಂಪ್ ನಿಲ್ಲಿಸಿ, ನೀರೊಳಗೇ ಒಂದು ಡಬ್ಬಿಗೆ ಹವಳವನ್ನು ಇಳಿಸಿ, ಡಬ್ಬಿ ಸಮೇತ ಹೊರತೆಗೆದು, ಹೊರಗಡೆ ಲೋಳೆ ತೊಳೆಯಬೇಕು. ರೋಗ ತಗಲಿದ ತಲೆಯನ್ನು ಕತ್ತರಿಸಿ ಬೇರೆ ಮಾಡಬೇಕು.

ಅಯೋಡಿನ್ ಸ್ನಾನ ಕೆಲಸ ಮಾಡುತ್ತದೆಯೇ?

ಮಿತಿಯೊಳಗೆ, ಹೌದು. ಒಂದು ಬಟ್ಟಲಿನಲ್ಲಿ ತೊಟ್ಟಿಯ ನೀರು ತೆಗೆದು ಹವಳಕ್ಕೆಂದೇ ಮಾರುವ ಅಯೋಡಿನ್ ದ್ರಾವಣವನ್ನು ಅದರ ಬಾಟಲಿಯ ಮೇಲೆ ಬರೆದ ಅಳತೆಯಲ್ಲಿ ಬೆರೆಸಿ, ಬರೆದಷ್ಟೇ ನಿಮಿಷ ಹವಳವನ್ನು ಅದ್ದುತ್ತಾರೆ. ಆಮೇಲೆ ಇನ್ನೊಂದು ಬಟ್ಟಲಿನ ಶುದ್ಧ ತೊಟ್ಟಿ ನೀರಿನಲ್ಲಿ ಜಾಲಾಡಿಸಿ ತೊಟ್ಟಿಗೆ ಮರಳಿಸುತ್ತಾರೆ. ಕತ್ತರಿಸಿದ ಗಾಯದ ಮೇಲಿನ ಸೂಕ್ಷ್ಮಾಣುಗಳನ್ನು ಇದು ಕಡಿಮೆ ಮಾಡುತ್ತದೆ.

ಆದರೆ ಮೂರು ಮಾತು ನೆನಪಿಡಿ. ಒಂದು, ಅದ್ದಿದ ನೀರನ್ನು ತೊಟ್ಟಿಗೆ ಸುರಿಯಬಾರದು. ಎರಡು, ಮನೆಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಗಳಲ್ಲಿ ಕೆಲವದರಲ್ಲಿ ಸೋಪಿನಂಥ ಅಂಶ ಇರುತ್ತದೆ, ಅದು ಹವಳಕ್ಕೆ ಮಾರಕ. ಮೂರು, ಹವಳ ತಿನ್ನುವ ಹುಳುಗಳು ಇಂಥ ಸ್ನಾನಗಳಲ್ಲಿ ಉದುರಿದರೂ ಅವುಗಳ ಮೊಟ್ಟೆಗಳು ಉಳಿಯುತ್ತವೆ. ಮೊಟ್ಟೆಗಳನ್ನು ಕೆರೆದು ತೆಗೆದು, ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಅದ್ದದಿದ್ದರೆ ತಿಂಗಳೊಳಗೆ ಅದೇ ಕಥೆ.

ಸಾಯುವ ಸ್ಥಿತಿಯಲ್ಲಿರುವ ಹವಳಕ್ಕೆ ಸ್ನಾನವೂ ಒಂದು ಪೆಟ್ಟೇ. ಹೊಸ ಹವಳ ತಂದಾಗ, ತೊಟ್ಟಿಗೆ ಬಿಡುವ ಮೊದಲೇ ಅದ್ದಿ ಪರೀಕ್ಷಿಸಿ, ಕೆಲವು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದು ಇದಕ್ಕಿಂತ ಎಷ್ಟೋ ಮೇಲು.

ಆ್ಯಂಟಿಬಯಾಟಿಕ್ ಮಾತ್ರೆ ಹಾಕಬಹುದೇ?

ಈ ಸಲಹೆ ಗಾಳಿಯಿಂದ ಹುಟ್ಟಿದ್ದಲ್ಲ, ಅದರ ಹಿಂದೆ ನಿಜವಾದ ಸಂಗತಿಯೊಂದಿದೆ. 2014ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ, ಮಯಾಮಿ ನಗರದ ಬಳಿಯ ಕಡಲಿನಲ್ಲಿ ಕಲ್ಲು ಹವಳಗಳ ಮೈ ಕಳಚುವ ಹೊಸ ರೋಗ ಕಾಣಿಸಿತು. ಅದು ಫ್ಲೋರಿಡಾದ ಹವಳ ದಂಡೆಯುದ್ದಕ್ಕೂ ಹಬ್ಬಿ, ಕೆರಿಬಿಯನ್ ಕಡಲಿಗೂ ದಾಟಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಯ ಹವಳಗಳಿಗೆ ತಗಲಿತು. ನೂರಾರು ವರ್ಷ ಬೆಳೆದ ದೊಡ್ಡ ಹವಳಗಳೂ ವಾರಗಳಲ್ಲಿ, ತಿಂಗಳುಗಳಲ್ಲಿ ಬೋಳಾದವು.

ಅಲ್ಲಿನ ವಿಜ್ಞಾನಿಗಳು ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಅನ್ನು ನಿಧಾನವಾಗಿ ಬಿಡುಗಡೆಯಾಗುವ ವಿಶೇಷ ಮುಲಾಮಿನಲ್ಲಿ ಬೆರೆಸಿ, ಕಡಲಿಗಿಳಿದು ಗಾಯದ ಅಂಚಿಗೆ ಮಾತ್ರ ಹಚ್ಚಿದರು. ಹಚ್ಚಿದ ಗಾಯಗಳಲ್ಲಿ ಬಹುಪಾಲು ನಿಂತವು. ಹೋಲಿಕೆಗೆಂದು ಕ್ಲೋರಿನ್ ಬೆರೆಸಿದ ಅಂಟು ಹಚ್ಚಿ ನೋಡಿದಾಗ ಅಷ್ಟು ಫಲ ಸಿಗಲಿಲ್ಲ.

ವಿಡಿಯೊಗಳು ಇಲ್ಲಿಗೇ ನಿಲ್ಲುತ್ತವೆ. ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಮುಲಾಮು ಹಚ್ಚಿದ ಗಾಯ ನಿಂತರೂ ಅದೇ ಹವಳದ ಬೇರೆ ಜಾಗದಲ್ಲಿ ಹೊಸ ಗಾಯಗಳು ಹುಟ್ಟಿದವು. ಮತ್ತೆ ಮತ್ತೆ ಹೋಗಿ ನೋಡಿ, ಮತ್ತೆ ಹಚ್ಚಬೇಕಾಯಿತು. ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆದೀತೆಂಬ ಅಂಜಿಕೆಯೂ ಇತ್ತು. ಅದಕ್ಕೇ ವಿಜ್ಞಾನಿಗಳು ಪರ್ಯಾಯ ಹುಡುಕಿದರು. ಆರೋಗ್ಯವಂತ ಹವಳದಿಂದಲೇ ತೆಗೆದ ಒಳ್ಳೆಯ ಬ್ಯಾಕ್ಟೀರಿಯಾ ಒಂದನ್ನು ರೋಗಪೀಡಿತ ಹವಳಕ್ಕೆ ಕೊಟ್ಟ ಸ್ಮಿತ್‌ಸೋನಿಯನ್ ಸಂಸ್ಥೆಯ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹವಳಕ್ಕೆ ಮೊಸರನ್ನದ ಚಿಕಿತ್ಸೆ ಎನ್ನಬಹುದು.

ಮನೆಯ ತೊಟ್ಟಿಗೆ ಮಾತ್ರೆ ಪುಡಿ ಸುರಿಯುವುದಕ್ಕೂ ಇದಕ್ಕೂ ಅಜಗಜಾಂತರ. ಅಲ್ಲಿ ಗಾಯದ ಅಂಚಿಗೆ, ಅಳೆದು, ಅನುಮತಿ ಪಡೆದು ಹಚ್ಚಿದ್ದು. ಇಲ್ಲಿ ಇಡೀ ನೀರಿಗೆ, ಕಣ್ಣಂದಾಜಿನಲ್ಲಿ. ತೊಟ್ಟಿಯ ಕೊಳೆಯನ್ನು ಜೀರ್ಣಿಸಿ ಅಮೋನಿಯಾ ಏರದಂತೆ ಕಾಯುವುದು ಒಳ್ಳೆಯ ಬ್ಯಾಕ್ಟೀರಿಯಾಗಳೇ. ಔಷಧಿಗೆ ಅವೂ ಬಲಿಯಾದರೆ ಒಂದು ಹವಳ ಉಳಿಸಲು ಹೋಗಿ ಮೀನುಗಳನ್ನೂ ಕಳೆದುಕೊಳ್ಳುವಿರಿ. ಔಷಧಿ ಬೆರೆತ ನೀರು ಕೊನೆಗೆ ಸೇರುವುದು ನಿಮ್ಮ ಊರಿನ ಚರಂಡಿಗೆ. ಔಷಧಿಗೆ ಬಗ್ಗದ ರೋಗಾಣು ಅಲ್ಲಿ ಬೆಳೆದರೆ ನಾಳೆ ಅದು ಮನುಷ್ಯನ ಸಮಸ್ಯೆ. ಅನಿವಾರ್ಯವೆನಿಸಿದರೆ ಜಲಚರಗಳ ಪಶುವೈದ್ಯರ ಸಲಹೆ ಪಡೆದು, ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ.

ಕುದಿಸಬೇಡಿ: ಇದು ನಿಮ್ಮ ಜೀವದ ಪ್ರಶ್ನೆ

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಹೂವಿನ ಬಟನ್‌ಗಳಂತೆ ಕಲ್ಲಿನ ಮೇಲೆ ಗುಂಪಾಗಿ ಹರಡುವ ಝೋಆಂಥಿಡ್ ಎಂಬ ಜೀವಿಗಳಿವೆ. ಬಣ್ಣ ಚೆಂದ, ಸಾಕುವುದು ಸುಲಭ ಎಂದು ಹೊಸಬರು ಮೊದಲು ತರುವುದು ಇವನ್ನೇ. ಇವುಗಳಲ್ಲಿ ಕೆಲವದರಲ್ಲಿ, ಮುಖ್ಯವಾಗಿ ಪಾಲಿಥೋವ ಎಂಬ ಗುಂಪಿನಲ್ಲಿ, ಪಾಲಿಟಾಕ್ಸಿನ್ ಎಂಬ ವಿಷ ಇರಬಹುದು. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಇದನ್ನು ಬೇರ್ಪಡಿಸಿ ವರದಿ ಮಾಡಿದರು. ಪ್ರಕೃತಿಯಲ್ಲಿ ಸಿಗುವ ಅತಿ ಘೋರ ವಿಷಗಳ ಸಾಲಿನಲ್ಲಿ ಇದೂ ಒಂದು. ನಮ್ಮ ಜೀವಕೋಶಗಳಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಅಂಶವನ್ನು ಹದದಲ್ಲಿಡುವ ಪಂಪ್ ಒಂದಿದೆ. ಈ ವಿಷ ಅದನ್ನೇ ಕೆಡಿಸುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ವೈದ್ಯರು ಮಾಡಬಹುದಾದದ್ದು ಲಕ್ಷಣಗಳಿಗೆ ಚಿಕಿತ್ಸೆ ಮಾತ್ರ.

ಇಂಥ ಜೀವಿ ಅಂಟಿದ ಕಲ್ಲನ್ನು ಕುದಿಸಿದರೆ, ಬಿಸಿ ನೀರು ಸುರಿದರೆ, ಗಟ್ಟಿ ಬ್ರಷ್‌ನಿಂದ ಉಜ್ಜಿದರೆ, ವೇಗದ ನೀರಿನ ಪಿಚಕಾರಿ ಹೊಡೆದರೆ ವಿಷ ಹಬೆಯಲ್ಲಿ, ಹನಿಗಳಲ್ಲಿ ಗಾಳಿಗೆ ಸೇರುತ್ತದೆ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗುವೂ ಉಸಿರಾಡುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಸ್ಟೀವನ್‌ಟನ್ ಎಂಬ ಊರಿನಲ್ಲಿ ಅಕ್ವೇರಿಯಂ ಹವಳ ಶುಚಿ ಮಾಡುವಾಗ ಹೀಗಾಗಿ, ಒಂದು ಕುಟುಂಬದವರೂ ನೆರವಿಗೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆ ಸೇರಬೇಕಾಯಿತು. ಅಮೆರಿಕದ ಅಲಾಸ್ಕಾದಲ್ಲಿ 2012ರಿಂದ 2014ರ ನಡುವೆ ಅಕ್ವೇರಿಯಂ ಅಂಗಡಿ ಮತ್ತು ಮನೆಗಳಲ್ಲಿ ಇಂಥದೇ ಶಂಕಿತ ಪ್ರಕರಣಗಳು ನಡೆದದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ವರದಿ ಮಾಡಿದೆ.

ಲಕ್ಷಣಗಳು ಫ್ಲೂ ಜ್ವರದ ಹಾಗೇ ಇರುವುದರಿಂದ ಮೋಸಹೋಗುವುದು ಸುಲಭ: ಕೆಮ್ಮು, ಉಸಿರಾಟದ ತೊಂದರೆ, ಎದೆನೋವು, ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಕಣ್ಣಿಗೆ ಸಿಡಿದರೆ ಕಣ್ಣಿನ ಕಪ್ಪುಗುಡ್ಡೆಯ ಪದರಕ್ಕೇ ಪೆಟ್ಟು. ಹವಳ ಮುಟ್ಟಿದ ಮೇಲೆ ಹೀಗಾದರೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ, ಕೂಡಲೇ ಆಸ್ಪತ್ರೆಗೆ ಹೋಗಿ. ವೈದ್ಯರಿಗೆ 'ಅಕ್ವೇರಿಯಂ ಹವಳ, ಪಾಲಿಟಾಕ್ಸಿನ್ ಅನುಮಾನ' ಎಂದು ಸ್ಪಷ್ಟವಾಗಿ ಹೇಳಿ. ಹೇಳದಿದ್ದರೆ ಅವರಿಗೆ ಹೊಳೆಯುವುದು ಕಷ್ಟ. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷವಾದರೂ ಶುದ್ಧ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಬಳಿ ಓಡಿ.

ಹಾಗಾಗಿ ಯಾವುದೇ ಹವಳ ಕತ್ತರಿಸುವಾಗ ಕೈಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಕಿಟಕಿ ತೆರೆದಿರಲಿ. ಮಕ್ಕಳು, ನಾಯಿ, ಬೆಕ್ಕು ದೂರವಿರಲಿ. ಅಡುಗೆಮನೆಯ ಪಾತ್ರೆ, ಚಾಕು ಬೇಡವೇ ಬೇಡ. ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಇನ್ನೊಬ್ಬರಿಗೆ ಬಿಡಿ.

ಹರಿದಾಡುವ ಇನ್ನಷ್ಟು ಮಾತುಗಳು

*"ಅಡುಗೆ ಉಪ್ಪು ಕರಗಿಸಿದರೆ ಸಮುದ್ರದ ನೀರಾಗುತ್ತದೆ."* ಸುಳ್ಳು. ಅಡುಗೆ ಉಪ್ಪು ಹೆಚ್ಚುಕಡಿಮೆ ಸೋಡಿಯಂ ಕ್ಲೋರೈಡ್ ಮಾತ್ರ. ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಾರ್ಬೊನೇಟ್ ಅದರಲ್ಲಿ ಬೇಕಾದಷ್ಟು ಇರುವುದಿಲ್ಲ.

*"ಅರಿಶಿನ ನೈಸರ್ಗಿಕ, ತೊಟ್ಟಿಗೆ ಹಾಕಿದರೆ ಗಾಯ ಮಾಯುತ್ತದೆ."* ನಮ್ಮ ಗಾಯದ ಮದ್ದೆಲ್ಲ ಹವಳಕ್ಕೆ ಮದ್ದಲ್ಲ. ನೀರಿನಲ್ಲಿ ಪುಡಿ ಕೊಳೆತು ನೀರು ಕೆಡುತ್ತದೆ.

*"ಮೀನಿನ ಚುಕ್ಕೆ ರೋಗದ ಔಷಧಿ ಹವಳಕ್ಕೂ ಆಗುತ್ತದೆ."* ಅಪಾಯ. ಆ ಔಷಧಿಗಳಲ್ಲಿ ಹಲವದರಲ್ಲಿ ತಾಮ್ರ ಇರುತ್ತದೆ. ಮೀನು ತಡೆದುಕೊಳ್ಳುವ ಪ್ರಮಾಣದ ತಾಮ್ರ ಹವಳ, ಸಿಗಡಿ, ಬಸವನಹುಳುಗಳನ್ನು ಕೊಲ್ಲುತ್ತದೆ.

*"ನೀರು ಪೂರ್ತಿ ಬದಲಿಸಿದರೆ ರೋಗ ಹೋಗುತ್ತದೆ."* ಒಮ್ಮೆಲೇ ಪೂರ್ತಿ ಬದಲಿಸುವುದೇ ಹವಳಕ್ಕೆ ದೊಡ್ಡ ಆಘಾತ.

*"ಬೋಳಾದ ಜಾಗದಲ್ಲಿ ಮತ್ತೆ ಮೈ ಬರುವುದಿಲ್ಲ."* ಪೂರ್ತಿ ನಿಜವಲ್ಲ. ನಾಶ ನಿಂತು, ಪಾಚಿ ಆಕ್ರಮಿಸುವ ಮೊದಲೇ ಆದರೆ ಅಂಚಿನ ಮೈ ಬೆಳೆದು ಸಣ್ಣ ಗಾಯವನ್ನು ಮುಚ್ಚುತ್ತದೆ. ವಾರಗಳೋ ತಿಂಗಳುಗಳೋ ಬೇಕು.

ಭಾರತದಲ್ಲಿ ಇರುವವರು ಇದನ್ನು ತಿಳಿದಿರಬೇಕು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದಂಡೆ ಕಟ್ಟುವ ಎಲ್ಲ ಕಲ್ಲು ಹವಳಗಳನ್ನು 2001ರಲ್ಲಿ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆಗಳೂ ಆ ಪಟ್ಟಿಗೆ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಕಡಲಿನಿಂದ ಕೀಳುವುದು, ಮಾರುವುದು ಅಪರಾಧ. ಮೊದಲ ಅನುಸೂಚಿಯ ಪ್ರಾಣಿಗಳ ವಿಷಯದ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು ಶಿಕ್ಷೆ ಇದೆ. ಲೋಕದ ಮಟ್ಟದಲ್ಲಿ ಕಲ್ಲು ಹವಳಗಳ ಸಾಗಾಟಕ್ಕೆ ಸೈಟಿಸ್ ಒಪ್ಪಂದದ ಪರವಾನಗಿ ಬೇಕು. 'ಜೀವಂತ ಹವಳ, ಮನೆಗೇ ಡೆಲಿವರಿ' ಎಂಬ ಮೆಸೇಜ್ ಬಂದರೆ ದಾಖಲೆ ಕೇಳಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಕೊಳ್ಳುವವರೂ ಸಿಕ್ಕಿಬೀಳುತ್ತಾರೆ.

ಹವಳ ನೋಡುವ ಆಸೆಯಿದ್ದರೆ ನಮ್ಮ ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ, ಸ್ಕೂಬಾ ಡೈವಿಂಗ್ ಮಾಡುವವರು ನೋಡಿ ಬರುತ್ತಾರೆ. ಮುಟ್ಟದೆ, ತುಳಿಯದೆ, ಮುರಿಯದೆ ನೋಡಿದರೆ ಸಾಕು. ಡೈವರ್‌ನ ಕಾಲಿನ ರೆಕ್ಕೆ ತಗಲಿದರೂ ಹವಳದ ಮೈ ಹರಿಯುತ್ತದೆ.

ಕೊನೆಗೆ

ಹವಳದ ಮೈ ಕಳಚುವುದು ಬಾಟಲಿಯ ಔಷಧಿಯಿಂದ ವಾಸಿಯಾಗುವ ರೋಗ ಎನ್ನುವುದಕ್ಕಿಂತ, ನೀರು ಕೊಡುವ ಎಚ್ಚರಿಕೆ ಎನ್ನುವುದೇ ಸರಿ. ಅಳೆಯುವುದು, ಕಾರಣ ಹುಡುಕುವುದು, ಒಳ್ಳೆಯ ಭಾಗವನ್ನು ಕತ್ತರಿಸಿ ಉಳಿಸುವುದು, ನೀರನ್ನು ಸ್ಥಿರವಾಗಿಡುವುದು. ಚಿಕಿತ್ಸೆ ಎಂದರೆ ಬಹುಪಾಲು ಇಷ್ಟೇ. ಉಳಿದದ್ದು ಕಾಯುವುದು.

ಕಡಲಿನಲ್ಲೂ ಮಾತು ಇದೇ. 2024ರ ಏಪ್ರಿಲ್‌ನಲ್ಲಿ ಲೋಕದ ನಾಲ್ಕನೇ ಜಾಗತಿಕ ಹವಳ ಬ್ಲೀಚಿಂಗ್ ನಡೆಯುತ್ತಿದೆ ಎಂದು ವಿಜ್ಞಾನಿಗಳು ಘೋಷಿಸಿದರು. ನಮ್ಮ ಲಕ್ಷದ್ವೀಪದ ಹವಳಗಳೂ ಆ ವರ್ಷ ಬೆಳ್ಳಗಾದವು. ಅಲ್ಲಿ ಬಿಸಿಯಾದದ್ದು ಇನ್ನೂರು ಲೀಟರಿನ ತೊಟ್ಟಿಯಲ್ಲ, ಸಮುದ್ರ. ಅದರ ಹೀಟರ್ ಆರಿಸುವ ಸ್ವಿಚ್ ಯಾರೊಬ್ಬರ ಕೈಯಲ್ಲೂ ಇಲ್ಲ.

ಮುಂದಿನ ಸಲ 'ಇದೊಂದು ಹನಿ ಹಾಕಿ, ಹವಳ ಬದುಕುತ್ತದೆ' ಎಂಬ ಫಾರ್ವರ್ಡ್ ಬಂದರೆ ಹಾಗೇ ಮುಂದಕ್ಕೆ ಕಳಿಸಬೇಡಿ. ಕಳಿಸಲೇಬೇಕು ಎನಿಸಿದರೆ ಒಂದೇ ಸಾಲು ಕಳಿಸಿ: ಹವಳ ಅಂಟಿದ ಕಲ್ಲನ್ನು ಮನೆಯಲ್ಲಿ ಕುದಿಸಬೇಡಿ. ಯಾರದ್ದೋ ಮನೆಯಲ್ಲಿ ಅದು ಉಪಯೋಗಕ್ಕೆ ಬಂದೀತು.